ನೀನು ಬರೆಯದೆ ಬಿಟ್ಟ ಎಪ್ಪತ್ತೊಂಬತ್ತು ದಿನ

ಗದಗ
ಎರಡು ಸಾವಿರದ ಇನ್ನೂರ ಆರನೆಯ ಇಸವಿ, ಫೆಬ್ರವರಿ ಮೂವತ್ತು

ದಾನೇಶ್ವರಿ ಅಜ್ಜಿಗೆ, ನಿನ್ನ ಮೊಮ್ಮಗಳ ಮೊಮ್ಮಗಳ ಮೊಮ್ಮಗಳಾದ ನೀಲಗಂಗಾ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡ. ನಿಮ್ಮ ಕಾಲದ ಫೆಬ್ರವರಿಗೆ ಮೂವತ್ತನೆಯ ದಿನ ಇರಲಿಲ್ಲವೆಂದು ಓದಿ ಬಲ್ಲೆ. ನಾವು ಹನ್ನೆರಡು ತಿಂಗಳುಗಳಿಗೂ ಮೂವತ್ತು ಮೂವತ್ತು ದಿನ ಹಂಚಿ, ಮಿಕ್ಕ ಐದು ದಿನಗಳನ್ನು ವರ್ಷದ ಕೊನೆಗೆ ಹೆಸರಿಲ್ಲದೆ ಬಿಟ್ಟಿದ್ದೇವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸು. ನಿಮ್ಮ ಕನ್ನಡವನ್ನು ನಾನು ಹಳೆಯ ದಾಖಲೆಗಳಿಂದ ಕಲಿತವಳು. ನಮ್ಮ ಪದಗಳು ನುಸುಳಿದಾಗ ಅರ್ಥ ಹೇಳುತ್ತಾ ಹೋಗುತ್ತೇನೆ. ನಿನಗೆ ಈಗ ಮೂವತ್ತೆಂಟು, ನನಗೆ ಐವತ್ತೊಂದು. ಆದರೂ ನೀನು ಅಜ್ಜಿಯೇ, ಮತ್ತು ನಮ್ಮ ಕಡೆ ಅಜ್ಜಿಯನ್ನು ಏಕವಚನದಲ್ಲಿ ಮಾತನಾಡಿಸುವ ರೂಢಿ ಇನ್ನೂ ಹೋಗಿಲ್ಲ. ಹಾಗಾಗಿ ನೀನು ಎನ್ನುತ್ತೇನೆ. ಪದಗಳಿಗಾಗಿ ಕ್ಷಮೆ ಕೇಳಿದ್ದಾಯಿತು. ಸಿಟ್ಟಿಗಾಗಿ ಕೇಳುವುದಿಲ್ಲ, ಏಕೆಂದರೆ ನನ್ನ ಸಿಟ್ಟಿನಲ್ಲಿ ಅರ್ಧ ಪಾಲು ನಿನಗೇ ಸೇರಬೇಕು.

ಈ ಪತ್ರ ಬರುತ್ತಿರುವುದು ಹಿಂದಂಚೆಯಲ್ಲಿ. ಕಳೆದುಹೋದ ಕಾಲಕ್ಕೆ ಕಾಗದ ಮುಟ್ಟಿಸುವ ಅಂಚೆ ಅದು. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರ. ಜನ ಅದನ್ನು ತೀರಿಹೋದ ತಾಯಿಗೋ ಗಂಡನಿಗೋ ಎಂದು ಕಾಯ್ದಿಟ್ಟುಕೊಳ್ಳುತ್ತಾರೆ. ನಾನು ಅದನ್ನು ಒಂದು ಓಟದ ಸಲುವಾಗಿ ಖರ್ಚು ಮಾಡುತ್ತೇನೆಂದಾಗ ನನ್ನ ತಂಗಿ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಬಂದು, "ಅವ್ವಗ ಒಂದ್ ಸಾಲ ಬರೀಲಿಲ್ಲ, ಯಾರೋ ಗುರ್ತಿಲ್ದಾಕಿಗೆ ಬರೀತಿ. ನಿನಗ ತಲಿ ನೆಟ್ಟಗ ಐತೇನ?" ಎಂದು ಕೇಳಿದಳು. ಅವ್ವನಿಗೆ ಹೇಳಬೇಕಾದ್ದನ್ನೆಲ್ಲ ಅವಳು ಇದ್ದಾಗಲೇ ಹೇಳಿದ್ದೆ. ನಿನಗೆ ಹೇಳಬೇಕಾದ್ದು ಮಾತ್ರ ಉಳಿದಿದೆ.

ಮೊದಲು ನಮ್ಮ ಹುರುಪುಕಡಗದ ವಿಷಯ ಹೇಳಬೇಕು. ಐದು ವರ್ಷ ತುಂಬಿದ ಮಗುವಿನ ಎಡಗೈಗೆ ಹಾಕುವ ಬಳೆ ಇದು, ಬೆಳೆದಂತೆ ತಾನೂ ಬೆಳೆಯುತ್ತದೆ. ಮಾಡುತ್ತಿರುವ ಕೆಲಸವನ್ನು ಮಾಡಲು ನಿನಗೆ ಎಷ್ಟು ಮನಸ್ಸಿದೆ ಎಂಬುದನ್ನು ಸೊನ್ನೆಯಿಂದ ನೂರರವರೆಗೆ ಅಳೆಯುತ್ತದೆ. ನಲವತ್ತಕ್ಕಿಂತ ಇಳಿದರೆ ನೀಲಿಯಾಗುತ್ತದೆ. ಅದನ್ನು ನಾವು ಒಲ್ಲೆ ಎನ್ನುತ್ತೇವೆ. ನಿಮಗೆ ಜ್ವರ ಬಂದಂತೆ ನಮಗೆ ಒಲ್ಲೆ ಬರುತ್ತದೆ. ಒಲ್ಲೆ ಬಂದವರು ಕೆಲಸ ಮಾಡುವಂತಿಲ್ಲ, ಅವರಿಂದ ಮಾಡಿಸುವಂತೆಯೂ ಇಲ್ಲ. ಈ ಕಾನೂನು ಹುಟ್ಟಿದಾಗ ಕೆಟ್ಟದ್ದಾಗಿರಲಿಲ್ಲ. ಜನರನ್ನು ದುಡಿಸಿ ದುಡಿಸಿ ಹಣ್ಣು ಮಾಡಿದ ಕಾಲವೊಂದು ನಿಮ್ಮ ನಂತರ ಬಂದುಹೋಯಿತು. ಬೇಡವೆಂದವರನ್ನು ಬಲವಂತ ಮಾಡಬಾರದು ಎಂದು ಬೀದಿಗಿಳಿದವರಲ್ಲಿ ನನ್ನ ಮುತ್ತಜ್ಜಿಯೂ ಇದ್ದಳು. ಆಮೇಲೆ ಯಾರೋ ಪಂಡಿತರು ಕುಳಿತು, ಮನಸ್ಸಿಲ್ಲದೆ ತಾನಾಗಿ ಮಾಡುವವನು ತನ್ನನ್ನು ತಾನೇ ಬಲವಂತ ಮಾಡಿಕೊಂಡವನು, ಅದೂ ಅಪರಾಧವೇ ಎಂದು ಸೇರಿಸಿಬಿಟ್ಟರು. ಅಲ್ಲಿಂದ ಶುರುವಾಯಿತು ನೋಡು ನಮ್ಮ ಗೋಳು.

ಈಗ ನಮ್ಮ ಓಣಿಯ ಖಾನಾವಳಿಯಲ್ಲಿ ಗೌರವ್ವ ರೊಟ್ಟಿ ಬಡಿಯುತ್ತಿರುವಾಗಲೇ ಕಡಗ ನೀಲಿಯಾದರೆ ಹಿಟ್ಟನ್ನು ಅಲ್ಲೇ ಬಿಟ್ಟು ಎದ್ದು ಹೋಗಬೇಕು. ತಟ್ಟೆ ಮುಂದೆ ಕೂತವರು ಪಾಪ, ಒಲ್ಲೆ ಬಂತು ಎಂದು ಪಲ್ಯವನ್ನಷ್ಟೇ ತಿಂದು ಕೈ ತೊಳೆಯುತ್ತಾರೆ. ಶಾಲೆಯಲ್ಲಿ ಮಗ್ಗಿ ಹೇಳುವಾಗ ಮಕ್ಕಳಿಗೆ ಒಲ್ಲೆ ಬಂದರೆ ಮನೆಗೆ ಕಳಿಸಬೇಕು, ಆದ್ದರಿಂದ ಈ ಊರಿನಲ್ಲಿ ಹದಿಮೂರರ ಮುಂದಿನ ಮಗ್ಗಿ ಬಲ್ಲವರು ಯಾರೂ ಇಲ್ಲ. ಮದುವೆಯಲ್ಲಿ ಎರಡು ತಾಸು ಫೋಟೋಕ್ಕೆ ನಿಂತ ಮದುಮಗನ ಕಡಗ ನೀಲಿಯಾಗಿ, ಅವನನ್ನು ಅಕ್ಷತೆಗೆ ಮೊದಲೇ ಮನೆಗೆ ಕಳಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ನಾನು ಮೂವತ್ತು ವರ್ಷಗಳಿಂದ ಓಣಿಗಳಿಗೆ ನೀರು ಬಿಡುವ ಕೆಲಸದವಳು. ನೀರು ಬಿಡಲು ಹುರುಪು ಯಾಕೆ ಬೇಕು? ವಾಲ್ವ್ ತಿರುಗಿಸಿದರೆ ನೀರು ಬರುತ್ತದೆ. ಆದರೂ ಹೋದ ಬೇಸಿಗೆಯಲ್ಲಿ ಎರಡು ದಿನ ನನಗೆ ಒಲ್ಲೆ ಬಂದು ಒಂದು ಓಣಿಗೆ ಹನಿ ನೀರು ಹೋಗಲಿಲ್ಲ. ಬಾಣಂತಿಯೊಬ್ಬಳು ಕೊಡ ಹಿಡಿದು ಬಂದು ನನ್ನ ಕಡಗ ನೋಡಿ, ಖಾಲಿ ಕೊಡದೊಂದಿಗೆ ತಿರುಗಿ ಹೋದಳು. ನನ್ನ ಕೈಯಲ್ಲಿ ಚಾವಿ ಇತ್ತು, ಕೈಯಲ್ಲಿ ಬಲವೂ ಇತ್ತು. ಆ ದಿನ ನನಗಾದ ನಾಚಿಕೆ ಇನ್ನೂ ಹೋಗಿಲ್ಲ.

ಇನ್ನು ಓಟದ ವಿಷಯ. ಗದಗದಿಂದ ಹೊರಟು ಡಂಬಳ ಹಾಯ್ದು ಕಪ್ಪತಗುಡ್ಡದ ಅಂಚು ಹಿಡಿದು ಮತ್ತೆ ಊರಿಗೆ ಬರುವ ಐವತ್ತು ಕಿಲೋಮೀಟರಿನ ಓಟ ಪ್ರತಿ ಮಾರ್ಚಿನಲ್ಲಿ ನಡೆಯುತ್ತದೆ. ಕಪ್ಪತಸುತ್ತು ಎಂದು ಅದರ ಹೆಸರು. ಐವತ್ತೆರಡು ತುಂಬಿದವರ ಹೆಸರು ಬರೆದುಕೊಳ್ಳುವುದಿಲ್ಲ. ನನಗೆ ಈ ಆಷಾಢಕ್ಕೆ ಐವತ್ತೆರಡು. ಸಣ್ಣವಳಿದ್ದಾಗಿನಿಂದ ಈ ಓಟ ಓಡಬೇಕೆಂದು ಅಂದುಕೊಂಡು ಅಂದುಕೊಂಡೇ ಇಷ್ಟು ವರ್ಷ ಕಳೆದೆ. ಈ ಸಲ ಬಿಟ್ಟರೆ ಮುಗಿಯಿತು. ಅದಕ್ಕೇ ಹನ್ನೆರಡು ವಾರಗಳಿಂದ ವಾರಕ್ಕೆ ಆರು ದಿನ, ಒಟ್ಟು ಎಪ್ಪತ್ತೆರಡು ಬೆಳಿಗ್ಗೆ, ಒಂದನ್ನೂ ತಪ್ಪಿಸದೆ ಓಡಿದ್ದೇನೆ. ಆ ಎಪ್ಪತ್ತೆರಡರಲ್ಲಿ ನಲವತ್ತೇಳು ದಿನ ನನ್ನ ಕಡಗ ನೀಲಿಯಾಗಿತ್ತು.

ಸುಳ್ಳು ಹೇಳುವುದಿಲ್ಲ ಅಜ್ಜಿ, ನನಗೆ ನಿಜವಾಗಿಯೂ ಮನಸ್ಸಿರುವುದಿಲ್ಲ. ಎಚ್ಚರಾದ ಕೂಡಲೇ ಬೇಡವೆನಿಸುತ್ತದೆ. ಬೂಟಿನ ದಾರ ಕಟ್ಟುವಾಗ ಇನ್ನಷ್ಟು ಬೇಡವೆನಿಸುತ್ತದೆ. ಹೊಲದ ಗಾಳಿ ಎದೆಗೆ ಹೊಡೆಯುವಾಗ ನನ್ನನ್ನೇ ಬೈದುಕೊಳ್ಳುತ್ತೇನೆ. ನಾನು ಕಂಡುಕೊಂಡ ಉಪಾಯ ಒಂದೇ: ಊರು ಸುತ್ತ ಓಡುವುದಿಲ್ಲ, ಡಂಬಳದ ದಾರಿ ಹಿಡಿದು ನೆಟ್ಟಗೆ ಹತ್ತು ಕಿಲೋಮೀಟರ್ ಹೋಗಿಬಿಡುತ್ತೇನೆ. ಆಮೇಲೆ ತಿರುಗಿ ಬರದೆ ಗತಿಯಿಲ್ಲ. ಕೆಲವು ದಿನ ಮೂರನೆಯ ಕಿಲೋಮೀಟರಿಗೆ ಮೈ ಹಗುರಾಗುತ್ತದೆ, ಕೆಲವು ದಿನ ಕೊನೆಯವರೆಗೂ ಆಗುವುದಿಲ್ಲ. ಆದರೆ ಮನೆಗೆ ಬಂದು ಕಾಲು ತೊಳೆದುಕೊಂಡು ಶೇಂಗಾ ಉಂಡೆ ಬಾಯಿಗೆ ಹಾಕಿಕೊಳ್ಳುವಾಗ ಆ ಓಟ ನನ್ನದಾಗಿರುತ್ತದೆ. ಅದನ್ನು ಯಾರೂ ಕಸಿದುಕೊಳ್ಳಲಾರರು ಎಂದು ಹೋದ ವಾರದವರೆಗೆ ನಂಬಿದ್ದೆ.

ಹೋದ ವಾರ, ಓಟಕ್ಕೆ ಹೆಸರು ಕೊಟ್ಟವರ ಕಡಗ ನೋಡಿ ಒಲ್ಲೆದಿನ ಎಣಿಸುವ ಹನ್ನೆರಡನೆಯ ವಾರದ ತಪಾಸಣೆ ನಡೆಯಿತು. ಹತ್ತಕ್ಕಿಂತ ಹೆಚ್ಚು ಒಲ್ಲೆದಿನ ಇದ್ದವರ ಹೆಸರನ್ನು ಕಡಗದ ಕಾನೂನು ನೋಡಿಕೊಳ್ಳುವ ಹುಮ್ಮಸ್ಸು ಮಂಡಳಿಯವರು ಹೊಡೆದುಹಾಕುತ್ತಾರೆ, ಅವರದೇ ಒಳ್ಳೆಯದಕ್ಕೆ ಎಂದು ಹೇಳಿ. ನನ್ನ ಹೆಸರೂ ಹೋಯಿತು. ಎಪ್ಪತ್ತೆರಡು ದಿನವೂ ಓಡಿದ್ದೇನಲ್ಲ ಎಂದು ಮೇಜಿನ ಮೇಲೆ ಕೈ ಬಡಿದು ಕೇಳಿದೆ. ಅಲ್ಲಿ ಕೂರುವ ಇಂದುಧರ ಎಂಬ ಮನುಷ್ಯ ಬಹಳ ಮೆತ್ತಗೆ, "ನಿಮ್ಮ ಕಾಲ ಓಡ್ಯಾವ ಬಿಡ್ರಿ ಬಾಯಾರ, ಅದನ್ನ ಯಾರ ಇಲ್ಲ ಅಂದಾರ? ಮನಸ್ಸ ಓಡಿಲ್ಲಲ್ರಿ" ಎಂದ. ಅವನು ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಅಯ್ಯೋ ಪಾಪ ಎನ್ನುವಂತೆ ನನ್ನ ಮುಖ ನೋಡಿದನಲ್ಲ, ಅದಕ್ಕೆ ಮೈ ಉರಿದುಹೋಯಿತು. ಎರಡು ತಿಂಗಳು ಮೂರು ದಿನ ಚೆನ್ನಾಗಿ ಮಲಗಿ, ಒಂಬತ್ತು ದಿನ ಮಾತ್ರ ಕುಣಿಯುತ್ತಾ ಓಡಿದ ಹುಡುಗಿಯೊಬ್ಬಳ ಹೆಸರು ಪಟ್ಟಿಯಲ್ಲಿ ಹಾಗೇ ಇದೆ. ಓಡದ ದಿನ ಅವಳಿಗೆ ಒಲ್ಲೆ ಬರಲಿಲ್ಲವಂತೆ! ಮಲಗುವುದಕ್ಕೆ ಯಾರಿಗೆ ಒಲ್ಲೆ ಬರುತ್ತದೆ?

ನನ್ನ ಜೊತೆ ಸೈಕಲ್ಲಿನಲ್ಲಿ ಬರುವ ಫಕ್ಕೀರೇಶನ ಬಗ್ಗೆಯೂ ಹೇಳಬೇಕು. ಅವನು ಮಂಡಳಿ ನೇಮಿಸಿದ ಒತ್ತಾಸೆಗಾರ. ಓಡುವವರ ಪಕ್ಕದಲ್ಲಿ ಬಂದು ಕಿಲೋಮೀಟರಿಗೊಮ್ಮೆ ಹೊಗಳುವುದು ಅವನ ಕೆಲಸ. ವಾಹ್ ಅಕ್ಕಾರ, ಭಲೇ ಅಕ್ಕಾರ ಎಂದು ಮೂವತ್ತು ಕಿಲೋಮೀಟರಿಗೆ ಮೂವತ್ತು ಸಲ. ಮೊದಲ ವಾರವೇ ನನ್ನ ಕಿವಿ ಸೋತಿತ್ತು. ಹೋದ ತಿಂಗಳು ದೊಡ್ಡ ಓಟದ ದಿನ ಗಾಳಿ ಎದುರಿಗಿತ್ತು, ದಾರಿಯಲ್ಲಿ ಒಂದು ಮರದ ನೆರಳಿರಲಿಲ್ಲ. ಇಪ್ಪತ್ತಮೂರನೆಯ ಕಿಲೋಮೀಟರಿಗೆ ಹೊಗಳಿಕೆ ನಿಂತಿತು. ತಿರುಗಿ ನೋಡಿದರೆ ಅವನ ಕಡಗ ನೀಲಿಯಾಗಿತ್ತು. ಕಾನೂನಿನ ಪ್ರಕಾರ ಅವನು ಅಲ್ಲೇ ಸೈಕಲ್ ನಿಲ್ಲಿಸಿ ಕೂರಬೇಕು. ಅವನು ಹೆಗಲ ಮೇಲಿನ ಟವೆಲ್ಲನ್ನು ಕಡಗಕ್ಕೆ ಸುತ್ತಿಕೊಂಡು ಪೆಡಲ್ ತುಳಿಯುತ್ತಲೇ ಬಂದ. ಯಾಕೋ ತಮ್ಮಾ ಎಂದು ಕೇಳಿದೆ. "ಮನಸ್ಸಿಲ್ರಿ ಅಕ್ಕಾರ. ಆದ್ರ ನಿಮ್ಮ ನೀರ ನನ್ನ ಕಡೆ ಐತಲ್ಲ" ಎಂದ. ಮತ್ತೆ ಏಳು ಕಿಲೋಮೀಟರ್ ಇಬ್ಬರೂ ಮಾತಿಲ್ಲದೆ ಬಂದೆವು. ಹನ್ನೆರಡು ವಾರಗಳಲ್ಲಿ ನನಗೆ ನಿಜವಾಗಿ ಒತ್ತಾಸೆ ಸಿಕ್ಕಿದ್ದು ಆ ಏಳು ಕಿಲೋಮೀಟರಿನಲ್ಲಿ. ಇದು ಮಂಡಳಿಗೆ ಗೊತ್ತಾದರೆ ಅವನ ಕೆಲಸ ಹೋಗುತ್ತದೆ, ಆದ್ದರಿಂದ ನನ್ನ ಮೇಲ್ಮನವಿಯಲ್ಲಿ ಅವನನ್ನು ಸಾಕ್ಷಿಗೆ ಕರೆಯಲಾರೆ. ನಿನ್ನ ಕಾಲದಿಂದ ಅವನಿಗೆ ಹಾನಿಯಿಲ್ಲವೆಂದು ನಿನಗೆ ಮಾತ್ರ ಹೇಳುತ್ತಿದ್ದೇನೆ.

ನಿನ್ನ ಪಾಲಿನ ಸಿಟ್ಟು ಇನ್ನು ಮುಂದೆ ಬರುತ್ತದೆ, ಕುಳಿತು ಓದು. ಮನಸ್ಸಿಲ್ಲದೆ ಯಾರೂ ಓಡಲಾರರು, ಓಡಿದರೆ ಅದು ರೋಗ ಎಂದು ಮಂಡಳಿ ಹೇಳುವುದಕ್ಕೆ ಆಧಾರ ಯಾವುದು ಗೊತ್ತೇ? ನೀವು. ನಿಮ್ಮ ಕಾಲದ ನಾಲ್ಕು ಲಕ್ಷ ಓಟಗಾರರು ಬರೆದುಕೊಂಡದ್ದನ್ನೆಲ್ಲ ಪಂಡಿತರು ಓದಿದರು. ಎಲ್ಲಿ ನೋಡಿದರೂ ಸೂರ್ಯೋದಯ, ನಗು, ಎತ್ತಿದ ಹೆಬ್ಬೆರಳು. ಒಬ್ಬನಾದರೂ ಇವತ್ತು ಬೇಡವೆನಿಸಿತ್ತು, ಆದರೂ ಹೋಗಿ ಬಂದೆ ಎಂದು ಬರೆದಿಲ್ಲ. ನಿನ್ನ ಓಟದ ಗ್ರೂಪಿನ ಬರಹಗಳನ್ನೂ ಹಳೆಯ ದಾಖಲೆಗಳನ್ನಿಡುವ ದಫ್ತರದಲ್ಲಿ ಕೂತು ಓದಿದೆ. ನೀನು ಹಾಕಿದ್ದು ಇನ್ನೂರ ಹದಿಮೂರು ಪೋಸ್ಟ್. ಸಖತ್ ಎನರ್ಜಿ, ಸೂಪರ್ ಮಾರ್ನಿಂಗ್, ಇಂಥವೇ. ಮನಸ್ಸಿಲ್ಲದ ದಿನ ನೀವೆಲ್ಲ ಒಬ್ಬರಿಗೊಬ್ಬರು ಏನು ಕೇಳುತ್ತಿದ್ದಿರಿ? ಮೋಟಿವೇಶನ್ ಎಲ್ಲಿ ಸಿಗುತ್ತದೆ ಎಂದು. ಅದು ಸಿಕ್ಕರೆ ಮಾತ್ರ ಓಡಬಹುದು ಎಂಬಂತೆ! ನಿಮ್ಮ ಆ ಪ್ರಶ್ನೆಯನ್ನೇ ಇವರು ಕಾನೂನು ಮಾಡಿ ನನ್ನ ಕೈಗೆ ತೊಡಿಸಿದ್ದಾರೆ.

ಆದರೆ ನಾನೂ ಸುಮ್ಮನೆ ಎದ್ದು ಬರಲಿಲ್ಲ. ಜೂನ್ ನಾಲ್ಕರಂದು ನೀನು ಹದಿನಾಲ್ಕು ಕಿಲೋಮೀಟರ್ ಓಡಿದ ಪೋಸ್ಟ್ ಇದೆ. ಆಮೇಲೆ ಎಪ್ಪತ್ತೊಂಬತ್ತು ದಿನ ಏನೂ ಇಲ್ಲ, ಒಂದಕ್ಷರವೂ ಇಲ್ಲ. ಎಂಬತ್ತನೆಯ ದಿನ, ಆಗಸ್ಟ್ ಇಪ್ಪತ್ತಮೂರರ ಭಾನುವಾರ, ನಲವತ್ತೆರಡು ಕಿಲೋಮೀಟರಿನ ಓಟ ಮುಗಿಸಿ ಪದಕ ಹಾಕಿಕೊಂಡು ನಿಂತ ನಿನ್ನ ಫೋಟೋ ಇದೆ. ಮುಖದ ತುಂಬ ಬೆವರು, ಒಂದು ಕಾಲಿನ ಬೂಟು ಬಿಚ್ಚಿದೆ. ಎಪ್ಪತ್ತೊಂಬತ್ತು ದಿನ ಮನೆಯಲ್ಲಿ ಕೂತವಳು ನಲವತ್ತೆರಡು ಕಿಲೋಮೀಟರ್ ಓಡಲಾರಳು. ಅಂದರೆ ಆ ಆಷಾಢದ ಗಾಳಿಯಲ್ಲಿ, ಶಾಲೆಗೆ ಹೋಗಿ ಪಾಠ ಮಾಡುವ ಮುಂಚೆ, ಇಬ್ಬರು ಮಕ್ಕಳ ಡಬ್ಬಿ ಕಟ್ಟುವ ಮುಂಚೆ ನೀನು ಓಡಿದ್ದೀ. ಮನಸ್ಸಿಲ್ಲದೆ ಓಡಿದ್ದೀ. ಹೇಳಿಕೊಳ್ಳಲು ನಾಚಿಕೆಪಟ್ಟು ಬಾಯಿಗೆ ಬೀಗ ಹಾಕಿಕೊಂಡಿದ್ದೀ. ಇದನ್ನು ಇಂದುಧರನಿಗೆ ತೋರಿಸಿದೆ. "ದಾಖಲಿ ಇಲ್ಲಂದ್ರ ಓಟ ಇಲ್ರಿ" ಎಂದು ಕಡತ ಮುಚ್ಚಿದ.

ಈ ಪತ್ರ ನಿನ್ನ ಕೈ ಸೇರುವುದು ಜುಲೈ ಹದಿನೇಳರ ಶುಕ್ರವಾರ, ಆ ಎಪ್ಪತ್ತೊಂಬತ್ತು ದಿನಗಳ ನಟ್ಟನಡುವೆ. ಓಟ ಮುಗಿಸುತ್ತೀ ಎಂದು ಹೇಳಬಾರದಿತ್ತೇನೋ. ಹೇಗೂ ಮುಗಿಸುತ್ತೇನಂತೆ ಎಂದು ಮಗ್ಗುಲಾಗಿ ಮಲಗಿದರೆ ಆ ಫೋಟೋ ನಮ್ಮ ದಫ್ತರದಿಂದಲೂ ಅಳಿಸಿಹೋಗುತ್ತದೆ. ಅದು ಈ ಬೆಳಗುಗಳಿಂದ ಹುಟ್ಟಿದ ಫೋಟೋ, ನನ್ನ ಮಾತಿನಿಂದ ಹುಟ್ಟಿದ್ದಲ್ಲ. ಹೊಗಳಿ ಹುರುಪು ತುಂಬಲು ನನಗೆ ಬರುವುದಿಲ್ಲ, ಬಂದರೂ ತುಂಬುವುದಿಲ್ಲ. ನಾಳೆಯೂ ನಿನಗೆ ಬೇಡವೆನಿಸುತ್ತದೆ, ನಾಡಿದ್ದೂ ಅಷ್ಟೆ. ಅದು ರೋಗವಲ್ಲ, ಅದಕ್ಕೆ ಔಷಧ ಹುಡುಕಬೇಡ.

ನನ್ನ ಮೇಲ್ಮನವಿಯ ವಿಚಾರಣೆ ಮಾರ್ಚ್ ಹನ್ನೆರಡಕ್ಕೆ. ಕಾನೂನು ಹುಟ್ಟಿದ್ದು ನಿಮ್ಮ ದಾಖಲೆಗಳಿಂದ, ಹಾಗಾಗಿ ಅದನ್ನು ಅಲುಗಾಡಿಸಲು ನಿಮ್ಮ ಕಾಲದ ದಾಖಲೆಯೇ ಬೇಕಂತೆ. ಒಂದಿದ್ದರೆ ಸಾಕು. ನೀನು ಬರೆದ ಮರುಕ್ಷಣವೇ ಅದು ನಮ್ಮ ದಫ್ತರದಲ್ಲಿ ಇರುತ್ತದೆ ಎಂದು ಹಿಂದಂಚೆಯವರು ಹೇಳುತ್ತಾರೆ. ಹನ್ನೊಂದರ ಬೆಳಿಗ್ಗೆ ಹೋಗಿ ನೋಡುತ್ತೇನೆ. ತಾರೀಖು ಹಾಕು, ಎಷ್ಟು ಕಿಲೋಮೀಟರ್ ಎಂದು ಹಾಕು, ಮನಸ್ಸಿರಲಿಲ್ಲ, ಓಡಿದೆ ಎಂದು ಬರೆ. ಸೂರ್ಯನ ಚಿತ್ರ ಹಾಕಬೇಡ. ಗ್ರೂಪಿನಲ್ಲಿ ಯಾರಾದರೂ ಮೂಗು ಮುರಿದರೆ ಮುರಿಯಲಿ. ಅದಿಲ್ಲದೆ ನನ್ನ ಹೆಸರು ಪಟ್ಟಿಗೆ ಮರಳುವುದಿಲ್ಲ, ನನ್ನಂತೆ ಕೈ ನೀಲಿ ಮಾಡಿಕೊಂಡು ಓಡುತ್ತಿರುವ ಇನ್ನೆಷ್ಟು ಮಂದಿಯದೋ ಮರಳುವುದಿಲ್ಲ.

ಇಷ್ಟು ಓದಿದ ಮೇಲೂ ಅಂಥದ್ದನ್ನೆಲ್ಲ ಬರೆಯಲು ಮನಸ್ಸು ಬರುತ್ತಿಲ್ಲ ಎನ್ನುತ್ತೀಯೇನು?

ಬರದಿದ್ದರೆ ಬೇಡ ಬಿಡು. ಮನಸ್ಸಿಲ್ಲದೆಯೇ ಬರೆ.

ನೀಲಗಂಗಾ ಮುಳಗುಂದ