ಆ ಬೆಳಗಿನ ತಪ್ಪು ನಕ್ಷೆ ನಮಗೆ ಬೇಕು

ಹವಾಮಾನ ನಕ್ಷೆ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ತಾವು ತಮ್ಮ ತಪ್ಪನ್ನು ತಿದ್ದಿಕೊಂಡಿದ್ದೀರಿ. ಅದೇ ನನ್ನ ದೂರು. ಸರ್ಕಾರಿ ಕಚೇರಿಯೊಂದು ತನ್ನ ತಪ್ಪು ತಿದ್ದಿಕೊಂಡಿತೆಂದರೆ ನರಿನ್ ಪಟ್ಟಣದವರಾದ ನಾವು ಕುದುರೆ ಪಂದ್ಯ ಇಟ್ಟು ಹಬ್ಬ ಮಾಡಬೇಕಿತ್ತು. ಆದರೆ ತಾವು ತಿದ್ದಿದ ರೀತಿಯಿಂದ ನನ್ನ ಭಾವ ತುರ್ದಾಕುನ್, ಸತ್ತ ಮೇಲೆ, ಮೂರ್ಖನಾಗಿದ್ದಾನೆ.

ನಡೆದದ್ದು ತಮಗೆ ಗೊತ್ತು, ಈ ಪತ್ರಿಕೆಯ ಓದುಗರಿಗಾಗಿ ಹೇಳುತ್ತೇನೆ. ತಮ್ಮ ವಿಭಾಗ ದೇಶವನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕಕ್ಕೂ ಆ ದಿನದ ಚಳಿ ಮಳೆಗಳನ್ನು ಹಂಚುತ್ತದೆ. ಅಳೆಯುವ ಕೇಂದ್ರಗಳಿರುವುದು ಅಲ್ಲೊಂದು ಇಲ್ಲೊಂದು. ನಡುವಿನ ಚೌಕಗಳನ್ನು ತುಂಬುವುದು ಒಂದು ತಂತ್ರಾಂಶ. ಕೆಳಗಿನ ಊರಿನ ಲೆಕ್ಕ ಹಿಡಿದು, ಬೆಟ್ಟ ಏರಿದಷ್ಟೂ ಚಳಿ ಸೇರಿಸುತ್ತ ಹೋಗುತ್ತದೆ. ಕಳೆದ ವಸಂತದಲ್ಲಿ ತಾವು ಅದರ ಹೊಸ ಆವೃತ್ತಿ ಹಾಕಿಸಿದಿರಿ. ಬೆಟ್ಟಗಳ ಎತ್ತರ ಮಾತ್ರ ಹಳೆಯ ಆವೃತ್ತಿಯ ಕಡತದಲ್ಲೇ ಇತ್ತು. ಅದನ್ನು ಓದಲು ಹೊಸದಕ್ಕೆ ಬರುತ್ತಿರಲಿಲ್ಲ. ಬರುವುದಿಲ್ಲ ಎಂದು ಬಾಯಿಬಿಟ್ಟು ಹೇಳಿತೇ? ತಮ್ಮ ಕಚೇರಿಯ ಸಹವಾಸ, ಗೊತ್ತಿಲ್ಲ ಎನ್ನುವ ಅಭ್ಯಾಸ ಎಲ್ಲಿಂದ ಬರಬೇಕು? ಎಲ್ಲ ಬೆಟ್ಟಗಳ ಎತ್ತರವೂ ಸೊನ್ನೆ ಎಂದುಕೊಂಡು ಕೆಲಸ ಮುಂದುವರಿಸಿತು. ಯಾವ ದಿಕ್ಕಿಗೆ ಕುದುರೆ ಓಡಿಸಿದರೂ ಸಮುದ್ರ ಸಿಗದ ನಮ್ಮನ್ನು ತಾವು ಸದ್ದಿಲ್ಲದೆ ಕಡಲ ತೀರಕ್ಕೆ ಇಳಿಸಿಬಿಟ್ಟಿರಿ.

ನನ್ನ ಅಕ್ಕ ಬುರುಲ್ ಮತ್ತು ಭಾವ ಬೇಸಿಗೆಯ ಹುಲ್ಲುಗಾವಲಿಗೆ ಮಂದೆ ಹೊರಡಿಸಬೇಕಿದ್ದ ಬೆಳಗ್ಗೆ, ಫೋನಿಗೆ ಬರುವ ತಮ್ಮ ನಕ್ಷೆಯಲ್ಲಿ ಬೋಜ್-ಬೇಲ್ ಘಾಟಿಯ ಚೌಕ ಹಸಿರಾಗಿತ್ತು. ಹನ್ನೆರಡು ಡಿಗ್ರಿ, ತುಂತುರು ಮಳೆ. ಭಾವ ಚಹಾ ಕುಡಿಯುತ್ತ, "ಮಂಡಿ ಯಾಕೋ ನೋಯ್ತಿದೆ ಕಣೇ" ಅಂದನಂತೆ. ಅವನ ಮಂಡಿ ನೋವು ಊರಿಗೇ ಗೊತ್ತು. ಅದು ನೋಯುವ ದಿನ ಯಾರೂ ಬಟ್ಟೆ ಒಗೆದು ಹಾಕುತ್ತಿರಲಿಲ್ಲ. ಹಾಗಾದರೆ ನಾಳೆ ಹೋದರಾಯಿತು ಎಂದಳು ಅಕ್ಕ. ಅವನು ಫೋನನ್ನು ಅವಳ ಕಡೆ ತಿರುಗಿಸಿದ.

"ಇಲ್ನೋಡು, ಹಸಿರು. ಅಷ್ಟೆಲ್ಲ ಓದಿದೋರು ಹೇಳ್ತಿದಾರೆ. ನನ್ನ ಮಂಡಿ ಯಾವ ಸ್ಕೂಲಿಗೆ ಹೋಗಿತ್ತು?"

ಅಕ್ಕ ಗುಡಾರದ ಸಾಮಾನು ಹೇರಿದ ಲಾರಿಯಲ್ಲಿ ಹಿಂದೆ ಹೊರಟಳು. ಮಂದೆಯೊಂದಿಗೆ ಅವನು ಮುಂದೆ ಹೋದ. ಘಾಟಿಯ ತಲೆಯಲ್ಲಿ ಹಿಮಗಾಳಿ ಹಿಡಿಯಿತು. ಲಾರಿ ಅರ್ಧದಲ್ಲೇ ನಿಂತಿತು. ಗಾಳಿ ಇಳಿದ ಮೇಲೆ ನಾವು ಹುಡುಕಿಕೊಂಡು ಹೋದಾಗ ಅವನು ಬಂಡೆಯೊಂದಕ್ಕೆ ಒರಗಿ ಕೂತಿದ್ದ. ಕುರಿಗಳು ಅವನನ್ನು ಒತ್ತಿಕೊಂಡು, ನಿಂತಲ್ಲೇ ಹೆಪ್ಪುಗಟ್ಟಿದ್ದವು.

ಆಮೇಲೆ ತಮ್ಮದೇ ಜಿಲ್ಲಾ ಕಚೇರಿಯ ಹೆಣ್ಣುಮಗಳೊಬ್ಬಳು (ಹೆಸರು ಹೇಳಿದರೆ ವರ್ಗ ಮಾಡುತ್ತೀರಿ, ಹೇಳುವುದಿಲ್ಲ) ಅಂದಿನ ಅಂಕಿಗಳನ್ನೇ ಹಳೆಯ ಆವೃತ್ತಿಗೂ ಹೊಸದಕ್ಕೂ ಉಣಿಸಿ ನೋಡಿದಳು. ಹಳೆಯದರಲ್ಲಿ ಘಾಟಿ ಹಿಮದ ನೇರಳೆ, ಹೊಸದರಲ್ಲಿ ಹಸಿರು. ತಮಗೆ ಬರೆದಳು. ಯಂತ್ರ ಆರಿಸಿ ಮತ್ತೆ ಹಚ್ಚಿ ಎಂದು ಮೊದಲ ಉತ್ತರ. ಅಳಿಸಿ ಮತ್ತೆ ಹಾಕಿ ಎಂದು ಎರಡನೆಯದು. ಮೂರನೆಯದು, ಅನುಮತಿಯಿಲ್ಲದೆ ಹಳೆಯ ಆವೃತ್ತಿ ಇಟ್ಟುಕೊಂಡದ್ದೇಕೆ ಎಂದು ವಿವರಣೆ ಕೇಳಿ. ನಾಲ್ಕನೆಯ ಉತ್ತರ ಬರಲೇ ಇಲ್ಲ. ಬದಲಿಗೆ ತಾವು ಎತ್ತರದ ಕಡತ ಸರಿಪಡಿಸಿ, ಆ ತಿಂಗಳ ನಕ್ಷೆಗಳನ್ನೆಲ್ಲ ಹೊಸದಾಗಿ ತೆಗೆದು, ಹಳೆಯವುಗಳ ಜಾಗದಲ್ಲಿ ಅದೇ ತಾರೀಕಿಗೆ ಕೂರಿಸಿದಿರಿ. ಹಸಿರು ನಕ್ಷೆ ಹುಟ್ಟಿಯೇ ಇರಲಿಲ್ಲ ಎಂಬಂತೆ ಮಾಯವಾಯಿತು.

ತನಿಖೆಯವರು ಬಂದು ನೋಡಿದ್ದು ಆ ಹೊಸ ನಕ್ಷೆಯನ್ನು. ಘಾಟಿಯಲ್ಲಿ ಭಾರೀ ಹಿಮ, ಸೊನ್ನೆಗಿಂತ ಒಂಬತ್ತು ಡಿಗ್ರಿ ಕೆಳಗೆ, ಅಚ್ಚುಕಟ್ಟಾದ ನೇರಳೆ ಬಣ್ಣ. ತಾನು ಕಣ್ಣಾರೆ ಕಂಡದ್ದು ಹಸಿರು ಎಂದು ಅಕ್ಕ ಹೇಳಿದಳು. ದುಃಖದಲ್ಲಿ ಹಾಗೆಲ್ಲ ಅನ್ನಿಸುತ್ತದೆ ಎಂದು ಸಮಾಧಾನ ಮಾಡಿದರು. ಭಾವನ ಫೋನು ಹಿಮದಲ್ಲಿ ಹೋಯಿತು; ಮಿಕ್ಕವರ ಫೋನಿನಲ್ಲಿ ಇಂದಿನ ನಕ್ಷೆ ಬಿಟ್ಟು ನಿನ್ನೆಯದು ಉಳಿಯುವುದಿಲ್ಲ. ವರದಿ ಬಂತು: ಮುನ್ಸೂಚನೆಯನ್ನು ಕಡೆಗಣಿಸಿದ ಕುರಿಗಾಹಿಯ ಅಜಾಗರೂಕತೆ.

ಮಾನ್ಯರೇ, ತಾವೂ ಇದೇ ನೆಲದವರು. ಗಂಡ ಹೋದವಳು ಗುಡಾರದ ಗೋಡೆಗೆ ಮುಖ ಮಾಡಿ ಕೂತು, ಅವನ ಗುಣಗಳನ್ನು ಹಾಡಿ ಅಳಬೇಕೆಂದು ತಮಗೆ ಹೇಳಿಕೊಡಬೇಕಿಲ್ಲ. ಮಣ್ಣಿನ ದಿನ ಅಕ್ಕ ಅವನನ್ನು ಬೆಟ್ಟದ ಮನಸ್ಸು ಬಲ್ಲವನೇ ಎಂದು ಕರೆದು ಹಾಡಿದಾಗ, ಹೊರಗೆ ನಿಂತ ಗಂಡಸರೂ ಬಿಕ್ಕಿದ್ದರು. ನಲವತ್ತನೆಯ ದಿನ ಅದೇ ಸಾಲು ಎತ್ತಿಕೊಂಡಳು. ಅಷ್ಟರಲ್ಲಿ ವರದಿ ಊರಿಗೆ ಬಂದಿತ್ತು. ಮಂದೆಯಲ್ಲಿ ಸ್ವಂತ ಕುರಿ ಕಳೆದುಕೊಂಡಿದ್ದ ದೊಡ್ಡಪ್ಪ ಹೊರಗಿನಿಂದಲೇ ಹೇಳಿದ:

"ಬೆಟ್ಟದ ಮನಸ್ಸು ಬಲ್ಲೋನಿಗೆ ಬಣ್ಣ ಗೊತ್ತಾಗ್ಲಿಲ್ವೇ?"

ಗುಡಾರದ ಉಣ್ಣೆ ಗೋಡೆ ಚಳಿ ತಡೆಯುತ್ತದೆ, ಮಾತು ತಡೆಯುವುದಿಲ್ಲ. ಅಕ್ಕನ ಹಾಡು ಅಲ್ಲಿಗೇ ನಿಂತಿತು.

ಸಂಜೆ ನಾನು ಪಕ್ಕದಲ್ಲಿ ಕೂತಾಗ ಅಂದಳು: "ಆ ಸಾಲು ಬಿಟ್ಟು ಮಿಕ್ಕದ್ದು ಹಾಡೋಣ ಅಂತ ನೋಡ್ದೆ ಕಣೋ. ಅದು ಬಿಟ್ರೆ ನಿನ್ ಭಾವನಲ್ಲಿ ಇನ್ನೇನಿತ್ತು? ಜಗಳ, ಗೊರಕೆ."

ನಗಬೇಕೆಂದೇ ಹೇಳಿದಳು. ಇಬ್ಬರಿಗೂ ಆಗಲಿಲ್ಲ.

ನನ್ನ ಬೇಡಿಕೆ ಇಷ್ಟು. ಕುರಿಗಳ ಬೆಲೆ ಬೇಡ, ಕ್ಷಮೆಯನ್ನೂ ಬಲವಂತ ಮಾಡುವುದಿಲ್ಲ. ಅಂದಿನ ಅಂಕಿಗಳು ತಮ್ಮಲ್ಲಿವೆ, ಬೆಟ್ಟ ಕಾಣದ ಆ ಆವೃತ್ತಿಯೂ, ಅದಕ್ಕೆ ಓದಲು ಬಾರದ ಹಳೆಯ ಕಡತವೂ ತಮ್ಮಲ್ಲಿವೆ. ಇನ್ನೊಮ್ಮೆ ಓಡಿಸಿ. ಬರುವ ಹಸಿರು ನಕ್ಷೆಗೆ ಆ ತಾರೀಕು ಹಾಕಿ, ಮೊಹರು ಒತ್ತಿ, ಕೆಳಗೆ ಒಂದೇ ಮಾತು ಬರೆಯಿರಿ: ಅಂದು ಬೆಳಗ್ಗೆ ನಾವು ತೋರಿಸಿದ್ದು ಇದನ್ನೇ. ಭಾವನ ವರ್ಷದ ಊಟ ಹತ್ತಿರ ಬಂತು. ಅಂದು ಊರೆಲ್ಲ ಸೇರುತ್ತದೆ, ಅಕ್ಕ ಕೊನೆಯ ಬಾರಿ ಹಾಡುತ್ತಾಳೆ. ಆಮೇಲೆ ಅವನಿಗಾಗಿ ಹಾಡುವ ಪದ್ಧತಿ ನಮ್ಮಲ್ಲಿಲ್ಲ.

ಇಂತಿ,
ತಮ್ಮ ತಪ್ಪಿನ ನಿರೀಕ್ಷೆಯಲ್ಲಿರುವ,
ಬುರುಲ್‌ಳ ತಮ್ಮ ಎಸೆನ್‌ತೂರ್
ನರಿನ್