ದಡದ ಪಾಲು

ಸಿಪ್ಪಿತುರೈ, ಕನ್ಯಾಕುಮಾರಿ ಜಿಲ್ಲೆ
19 ಜೂನ್ 1993, ಶನಿವಾರ

ಪ್ರೀತಿಯ ತಂಗಿ ಫ್ಲಾವಿಯಾ,

ಹನ್ನೊಂದು ನೋಟ್‌ಬುಕ್, ಎರಡು ಡಜನ್ ಪೆನ್ಸಿಲ್, ಮೂವರು ಟ್ಯೂಷನ್ ಮೇಷ್ಟರು, ಒಂದು ಸೇರು ಹುಣಸೆ ಬೀಜ, ನಿನ್ನ ಅತ್ತಿಗೆ ನನ್ನೊಡನೆ ಮಾತು ಬಿಟ್ಟ ನಾಲ್ಕು ದಿನ, ಮತ್ತು ದಿನಾ ಬೆಳಿಗ್ಗೆ ಮೀನು ಹರಾಜು ಕೂಗಿ ಹೊಟ್ಟೆ ಹೊರೆಯುವ ನನ್ನ ಈ ಗಂಟಲು. ನಿನ್ನ ಮಗಳನ್ನು ಏಳನೇ ಕ್ಲಾಸು ದಾಟಿಸಲು ಆದ ಒಟ್ಟು ಖರ್ಚು ಇದು. ವಿವರ ಆಮೇಲೆ. ಮೊದಲು ನೀನು ಹೇಗಿದ್ದೀಯ? ಕುವೈತಿನ ಬಿಸಿಲಿಗೆ ಮೂಗಿನಲ್ಲಿ ರಕ್ತ ಬರುತ್ತದೆ ಎಂದು ಬರೆದಿದ್ದೆ, ನಿಂತಿತೇ? ಆಸ್ಪತ್ರೆಯಲ್ಲಿ ಎರಡು ಪಾಳಿ ಒಟ್ಟಿಗೆ ಮಾಡಬೇಡ. ಊರಿನ ರೋಗಿಗಳನ್ನೆಲ್ಲ ನೀನೊಬ್ಬಳೇ ಎಬ್ಬಿಸಿ ಕೂರಿಸಬೇಕೆಂದು ಯಾರೂ ಬರೆದುಕೊಟ್ಟಿಲ್ಲ. ನಾವೆಲ್ಲ ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಮಳೆ ಹಿಡಿದ ಮೇಲೆ ಹೆಚ್ಚಾಗಿದೆ, ಬಾಯಿ ಮಾತ್ರ ಮೊದಲಿನಂತೆಯೇ ಇದೆ.

ಇನ್ನು ಜೆನೋವಾಳ ವಿಷಯ. ಏಪ್ರಿಲ್‌ನಲ್ಲಿ ಅವಳು ಗಣಿತದಲ್ಲಿ ಫೇಲಾದಳು ಎಂದು ತಿಳಿಸಿದ್ದೆನಲ್ಲ. ಜೂನ್ ಹತ್ತಕ್ಕೆ ಮರುಪರೀಕ್ಷೆ, ಅದೂ ಹೋದರೆ ಅದೇ ಕ್ಲಾಸಿನಲ್ಲಿ ಇನ್ನೊಂದು ವರ್ಷ. ನಾಗರಕೋಯಿಲಿನ ಹಾಸ್ಟೆಲಿನಲ್ಲಿ ಕಾದಿರಿಸಿದ ಜಾಗ ಬೇರೆ ಹುಡುಗಿಗೆ. ಅವಳ ಟೀಚರು ತಂಗಮಣಿಯನ್ನು ಕಾಣಲು ಹೋದೆ. ಮೇಲಿನೂರಿನವರು, ಮೀನಿನ ವಾಸನೆಗೆ ಇನ್ನೂ ಕರವಸ್ತ್ರ ಹಿಡಿಯುತ್ತಾರೆ, ಆದರೆ ಒಳ್ಳೆಯ ಹೆಂಗಸು. "ನೋಡಿ ಅಣ್ಣಾಚಿ, ಬಸ್ಸಿನ ವೇಗ ಕೊಟ್ರೆ ಸರಿ ಮಾಡ್ತಾಳೆ, ನಕ್ಷೆ ಅಳತೆ ಕೊಟ್ರೆ ಸರಿ. ಹಂಚೋ ಲೆಕ್ಕ ಬಂದ್ರೆ ಸಾಕು, ಒಂದೂ ಸರಿಯಿಲ್ಲ. ಬೇಕೂಂತ್ಲೇ ಮಾಡ್ತಿದಾಳೆ," ಎಂದರು. ನನಗೆ ಮೈಯೆಲ್ಲ ಉರಿಯಿತು. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಇದೇ ದಡದಲ್ಲಿ ಲೆಕ್ಕ ಕಲಿತವನು ನಾನು. ಬುಟ್ಟಿ ನೋಡಿದರೆ ತೂಕ ಹೇಳುತ್ತೇನೆ. ನನ್ನ ಮನೆಯ ಹುಡುಗಿಗೆ ಅನುಪಾತ ಬಾರದೇ?

ಮೇ ತಿಂಗಳು ಪೂರ್ತಿ ಮೂರು ಜನ ಮೇಷ್ಟರು ಒಬ್ಬರಾದ ಮೇಲೊಬ್ಬರು ಬಂದರು, ಚಹಾ ಕುಡಿದರು, ತಲೆ ಹಿಡಿದುಕೊಂಡು ಹೋದರು. ಕೊನೆಗೆ ನಾನೇ ಕೂತೆ. ಏಳುನೂರ ಇಪ್ಪತ್ತು ರೂಪಾಯಿಯನ್ನು ಮೂವರಿಗೆ ಎರಡಕ್ಕೆ ಮೂರಕ್ಕೆ ನಾಲ್ಕರಂತೆ ಹಂಚು ಎಂದೆ. ನೂರ ಅರವತ್ತು, ಇನ್ನೂರ ನಲವತ್ತು, ಮುನ್ನೂರ ಇಪ್ಪತ್ತು ಬರಬೇಕು. ಮಹಾರಾಯಿತಿ ಬರೆದದ್ದು ನೂರ ನಲವತ್ತನಾಲ್ಕು, ಇನ್ನೂರ ಹದಿನಾರು, ಇನ್ನೂರ ಎಂಬತ್ತೆಂಟು. "ಮಿಕ್ಕ ಎಪ್ಪತ್ತೆರಡು ಎಲ್ಲೇ? ಕಾಗೆ ಕಚ್ಕೊಂಡು ಹೋಯ್ತಾ?" ಎಂದರೆ ಉಗುರು ಕಚ್ಚುತ್ತದೆ. ನಲವತ್ತು ಲೀಟರಿನಲ್ಲಿ ಹಾಲು ಮೂರು ಭಾಗ ನೀರು ಒಂದು ಭಾಗ, ನೀರೆಷ್ಟು ಎಂದರೆ ಒಂಬತ್ತು ಅನ್ನುತ್ತದೆ. ಎಂಟು ದಿನ ಹೀಗೇ. ಒಮ್ಮೆ ಕೈ ಎತ್ತಿದೆ. ಹೊಡೆಯಲಿಲ್ಲ, ಆದರೆ ನಿನ್ನ ಅತ್ತಿಗೆ ಮಾತು ಬಿಟ್ಟದ್ದು ಆ ದಿನವೇ.

ಒಂಬತ್ತನೆಯ ದಿನ ತೊಂಬತ್ತು ಹುಣಸೆ ಬೀಜ ಎಣಿಸಿ ಮುಂದಿಟ್ಟೆ. ಇವು ಮಾವಿನಹಣ್ಣು, ಇಬ್ಬರಿಗೆ ಒಂದಕ್ಕೆ ಎರಡರಂತೆ ಹಂಚು, ಬಾಯಲ್ಲಿ ಬೇಡ, ಕೈಯಲ್ಲಿ ಮಾಡು ಎಂದೆ. ಹುಡುಗಿ ಮೊದಲು ಒಂಬತ್ತು ಬೀಜ ಎಣಿಸಿ, ನನ್ನ ಮುಖ ನೋಡದೆ, ಚಾಪೆಯ ಅಂಚಿನ ಕೆಳಗೆ ಸರಿಸಿತು. ಆಮೇಲೆ ಉಳಿದದ್ದನ್ನು ಇಪ್ಪತ್ತೇಳು, ಐವತ್ತನಾಲ್ಕು ಮಾಡಿತು, ಕೂದಲೆಳೆಯಷ್ಟೂ ತಪ್ಪಿಲ್ಲದೆ. "ಅದೇನೇ ಚಾಪೆ ಕೆಳಗೆ?" ಎಂದೆ. ಯಾರಾದರೂ ಕೇಳಿಸಿಕೊಂಡಾರು ಎಂಬಂತೆ ಪಿಸುಗುಟ್ಟಿತು: "ದಡದ ಪಾಲು, ಮಾಮಾ."

ಫ್ಲಾವಿಯಾ, ನಾನು ಗೋಡೆಗೆ ಒರಗಿಬಿಟ್ಟೆ. ನಮ್ಮ ದೋಣಿಗಳಲ್ಲಿ ಹಿಡಿದದ್ದನ್ನು ಹಂಚುವ ಮೊದಲು ಹತ್ತರಲ್ಲೊಂದು ತೆಗೆದು, ಕಡಲಿಗೆ ಹೋಗಲಾರದವರಿಗೆಂದು ಬದಿಗಿಡುತ್ತಾರಲ್ಲ, ಅದು. ಅದರ ಹೆಸರೆತ್ತುವ ಹಾಗಿಲ್ಲ, ಯಾರಿಗೆಂದು ಹೇಳುವ ಹಾಗಿಲ್ಲ, ಹೇಳಿದರೆ ಭಿಕ್ಷೆಯಾಗುತ್ತದೆ. ಅದಕ್ಕೇ ಹುಡುಗಿ ಕಾಗದದ ಮೇಲೂ ಅದನ್ನು ಬರೆಯಲಿಲ್ಲ, ಸುಮ್ಮನೆ ತೆಗೆದಿಟ್ಟಿತು. ಮೂವರು ಮೇಷ್ಟರಿಗೆ ತಿಳಿಯದ್ದು ಹೋಗಲಿ, ನನಗಾದರೂ ಹೊಳೆಯಬೇಡವೇ? ನನ್ನ ಹರಾಜಿಗೆ ಮೀನು ಬರುವ ಹೊತ್ತಿಗೆ ಆ ಪಾಲು ತೆಗೆದಾಗಿರುತ್ತದೆ. ಮೂವತ್ತು ವರ್ಷ ಬುಟ್ಟಿ ಎಣಿಸಿದವನಿಗೆ ಬುಟ್ಟಿಗೆ ಬಾರದ್ದು ಕಾಣಲಿಲ್ಲ.

ಕಾಯಿಲೆ ಗೊತ್ತಾಯಿತು, ಇನ್ನು ಮದ್ದು ಸುಲಭ ಎಂದುಕೊಂಡೆ. ಎಲ್ಲಿಯ ಸುಲಭ! ಪುಸ್ತಕದ ಲೆಕ್ಕದಲ್ಲಿ ಅದನ್ನು ತೆಗೆಯಬಾರದು ಎಂದರೆ ವಾದಕ್ಕೆ ನಿಂತಿತು. "ಯಾಕೆ ತೆಗೀಬಾರ್ದು? ಆ ಊರಲ್ಲಿ ಯಾರಿಗೂ ಕಾಯಿಲೇನೇ ಬರಲ್ವಾ?" "ಲೆಕ್ಕದ ಊರಲ್ಲಿ ಯಾರಿಗೂ ಬರಲ್ಲ!" "ಯಾರೂ ಸಾಯಲ್ವಾ?" "ಸಾಯಲ್ಲ ಕಣೇ ತಾಯೀ, ಮಾವಿನಹಣ್ಣು ಹಂಚ್ಕೊಂಡು ಕೂತೇ ಇರ್ತಾರೆ!" ಅಮ್ಮ ಒಳಗಿನಿಂದ, "ಅಂಥಾ ಊರಿದ್ರೆ ನನ್ನನ್ನೂ ಅಲ್ಲಿಗೇ ಕಳಿಸು, ಮಂಡಿನಾದ್ರೂ ಸರಿಹೋದೀತು," ಎಂದಳು. ನಗುವ ಹೊತ್ತೇ ಅದು? ಪರೀಕ್ಷೆಗೆ ಮೂರು ದಿನ ಉಳಿದಿತ್ತು. ಪ್ರತಿ ಸಲ ಅವಳ ಬೆರಳು ಚಾಪೆಯ ಅಂಚಿಗೆ ಹೋದಾಗಲೂ ಪೆನ್ಸಿಲಿನಿಂದ ತಟ್ಟಿದೆ. ಚಾಪೆಯನ್ನೇ ಸುತ್ತಿಟ್ಟೆ. ಬರಿ ನೆಲದ ಮೇಲೆ ಕೂರಿಸಿ, ಇದ್ದಷ್ಟನ್ನೂ ಹಂಚು, ಒಂದೂ ಉಳಿಯಬಾರದು ಎಂದು ನೂರು ಸಲ ಹೇಳಿಸಿದೆ. ಕೊನೆಯ ದಿನ ಕೇಳಿದ್ದಕ್ಕೆಲ್ಲ ಸರಿಯುತ್ತರ ಕೊಟ್ಟಳು, ಊಟ ಮಾತ್ರ ಸರಿಯಾಗಿ ಮಾಡಲಿಲ್ಲ.

ಮೊನ್ನೆ ಗುರುವಾರ ಫಲಿತಾಂಶ ಬಂತು. ನೂರಕ್ಕೆ ಎಪ್ಪತ್ತೊಂದು. ತಂಗಮಣಿ ಟೀಚರು ಕರವಸ್ತ್ರ ಕೆಳಗಿಳಿಸಿ ನಕ್ಕರು. ಹಾಸ್ಟೆಲಿನ ಜಾಗ ಉಳಿಯಿತು, ಮುಂದಿನ ಸೋಮವಾರ ನಾನೇ ಬಿಟ್ಟು ಬರುತ್ತೇನೆ. ನೀನು ನಿಶ್ಚಿಂತೆಯಿಂದಿರು, ಹೊತ್ತಿಗೆ ಸರಿಯಾಗಿ ಉಣ್ಣು. ಕಡಲಮ್ಮನೂ ಮಾತೆ ಮರಿಯಳೂ ನಿನ್ನನ್ನು ಕಾಯಲಿ. ಅಮ್ಮ ನಿನ್ನ ಹಣೆ ಮುಟ್ಟಿ ಹರಸಿದಳೆಂದು ತಿಳಿ, ಅತ್ತಿಗೆಯ ನೆನಪುಗಳು.

ನಿನ್ನ ಅಣ್ಣ,
ಸಿಲುವೈ

ವಿ.ಸೂ.: ಕವರು ಅಂಟಿಸಿದವನು ಮನಸ್ಸು ತಡೆಯದೆ ಮತ್ತೆ ಬಿಡಿಸಿದ್ದೇನೆ, ಪೋಸ್ಟಿನವನು ಬಾಗಿಲಲ್ಲಿದ್ದಾನೆ, ಬೇಗ ಬರೆಯುತ್ತೇನೆ. ನಿನ್ನೆ ಕ್ರಿಸ್ಪಿನನ ದೋಣಿಗೆ ನಾನೂರು ಬಂಗುಡೆ ಬಿದ್ದವು. ಹುಡುಗಿ ಪಾಸಾದ ಖುಷಿಗೆ ಕ್ರಿಸ್ಪಿನ್, "ಬಾರಮ್ಮಾ ಟೀಚರಮ್ಮಾ, ಇವತ್ತು ನೀನೇ ಹಂಚು," ಎಂದ. ದೋಣಿಗೂ ಬಲೆಗೂ ಸೇರಿ ಮೂರು ಪಾಲು, ಐದು ಜನಕ್ಕೆ ಐದು. ಅವಳು ಪಾಲಿಗೆ ಐವತ್ತರಂತೆ ನಾನೂರನ್ನೂ ಹಂಚಿ ಕೈ ತೊಳೆದಳು. ಮರಳಿನ ಮೇಲೆ ಒಂದೂ ಉಳಿಯಲಿಲ್ಲ. ಯಾರೂ ಏನೂ ಅನ್ನಲಿಲ್ಲ. ಹೆಸರೆತ್ತಬಾರದ ಪಾಲನ್ನು ಯಾರು ತಾನೇ ಕೇಳುತ್ತಾರೆ? ಕಾಲು ಮುರಿದುಕೊಂಡು ಮೂರು ತಿಂಗಳಿಂದ ಮಲಗಿರುವ ಮುದುಕ ವರುವೇಲನದು ಈ ಸಲದ ಪಾಲು. ನಾನು ನನ್ನ ಮನೆಯ ಮೀನನ್ನು ಕೊಂಡುಹೋದರೆ, "ನಿನ್ನ ಹೆಸರು ಅಂಟ್ಕೊಂಡಿದೆ ಸಿಲುವೈ, ವಾಪಸ್ ತಗೊಂಡ್ಹೋಗು," ಎಂದು ಗೋಡೆಯ ಕಡೆ ತಿರುಗಿದ. ಹುಡುಗಿಯನ್ನು ಕೇಳಿದೆ. "ಎರಡು ಥರ ಲೆಕ್ಕ ನೆನಪಿಡೋಕೆ ಭಯ ಆಗತ್ತೆ ಮಾಮಾ," ಎಂದಳು. ನನ್ನ ಬಾಯಿಂದ ಇನ್ನು ಹೇಳಿದರೆ ನಾಟದು. ನೀನು ಬರೆ. ಅವಳಪ್ಪನ ದೋಣಿ ತಿರುಗಿ ಬಾರದ ಮೇಲೆ ಎರಡು ವರ್ಷ ನಿಮ್ಮ ಒಲೆಯ ಮೇಲೆ ಬೆಂದ ಮೀನು ಯಾವ ಪಾಲಿನದೆಂದು ಬರೆ. ಅದನ್ನು ತೆಗೆದಿಡುತ್ತಿದ್ದ ಕೈ ಯಾರದೆಂದೂ ಬರೆ, ತನ್ನ ಹೆಸರೆತ್ತಿದ್ದಕ್ಕೆ ವರುವೇಲ್ ಬೈದರೆ ಬೈಯಲಿ. ಸೋಮವಾರ ಹಾಸ್ಟೆಲಿಗೆ ಹೋದರೂ ಕಾಗದವನ್ನು ಅಲ್ಲಿಗೇ ಮುಟ್ಟಿಸುತ್ತೇನೆ.

ಇಲ್ಲಿಯವರೆಗಿನ ಲೆಕ್ಕ ಹೀಗಿದೆ: ಜೆನೋವಾಗೆ ಎಪ್ಪತ್ತೊಂದು ಅಂಕ. ಐದು ಜನ ಮೀನುಗಾರರಿಗೆ ತಲಾ ಐದು ಬಂಗುಡೆ ಹೆಚ್ಚು. ದೋಣಿಗೂ ಬಲೆಗೂ ಹದಿನೈದು ಹೆಚ್ಚು. ವರುವೇಲನಿಗೆ ಸೊನ್ನೆ.