ಹಿಮಕ್ಕೆ ಮೂರು ಮತ, ಗಡಿಯಾರಕ್ಕೆ ಒಂದು

ಏಪ್ರಿಲ್ ೯, ಬುಧವಾರ

ಮಹಾಜನಗಳೇ, ಇಂದು ಊಟದ ಮೇಜಿನ ಬಳಿ ನಡೆದ ಚುನಾವಣೆಯಲ್ಲಿ ನಾನು ಹೀನಾಯವಾಗಿ ಸೋತಿದ್ದೇನೆಂದು ತಿಳಿಸಲು ವಿಷಾದಿಸುತ್ತೇನೆ. ರಜೆಗೆ ಯಾವ ದೇಶಕ್ಕೆ ಹೋಗುವುದೆಂಬುದೇ ವಿಷಯ. ನಾನು ಹಿಡಿದದ್ದು ಹಳೆಯ ಗಡಿಯಾರಗಳ ಮ್ಯೂಸಿಯಂ ಇರುವ ಒಂದು ನಗರದ ಪಕ್ಷ. "ಮುಳ್ಳಿನ ಹಿಂದೆ ಚಕ್ರ, ಬೇಡ ಅಂದವರು ವಕ್ರ!" ಎಂದು ಪ್ರಾಸ ಕಟ್ಟಿ ಪ್ರಚಾರವನ್ನೂ ಮಾಡಿದೆ.

ಇಷ್ಟು ದಿನ "ನೀವೇ ಹೋಗಿ, ನಾನು ಅಜ್ಜಿ ಮನೇಲಿರ್ತೀನಿ" ಎನ್ನುತ್ತಿದ್ದ ಹದಿನಾಲ್ಕರ ಮಗಳು ಕಿವಿಯಿಂದ ಇಯರ್‌ಫೋನ್ ಕಿತ್ತಳು.

"ಅಮ್ಮಾ, ಗಡಿಯಾರ ನೋಡೋಕೆ ವಿಮಾನ ಹತ್ತಬೇಕಾ? ಗೋಡೆ ನೋಡು, ಸಾಕು!"

"ಅದೂ ನಿಂತೋಗಿದೆ ಕಣೇ," ಎಂದ ಅವಳ ತಮ್ಮ.

ವಾರದಿಂದ ಮಾತು ಬಿಟ್ಟಿದ್ದ ಇಬ್ಬರೂ ಒಂದೇ ಕುರ್ಚಿಯಲ್ಲಿ ಒತ್ತಿಕೊಂಡು ಕುಳಿತು ಫೋನಿನಲ್ಲಿ ಹಿಮದ ದೇಶ ಹುಡುಕಿದರು. ಅಲ್ಲಿ ನಾಯಿಗಳು ಎಳೆಯುವ ಗಾಡಿಯಿದೆಯಂತೆ.

"ಅಮ್ಮನ್ನ ಮುಂದೆ ಕೂರಿಸೋಣ, ಹೆಂಗೆ ಕಿರುಚ್ತಾಳೆ ನೋಡು!" ಎಂದು ಮಗಳು ಬಿದ್ದು ಬಿದ್ದು ನಕ್ಕಳು. ಆ ನಗು ಕೇಳಿ ಎಷ್ಟು ಕಾಲವಾಗಿತ್ತು! ನನ್ನ ಯಜಮಾನರೂ ನಾಚಿಕೆಯಿಲ್ಲದೆ ಆ ಕಡೆಗೇ ಕೈಯೆತ್ತಿದರು.

ಈಗಷ್ಟೇ ಅವಳ ಕೋಣೆಯಿಂದ ಕೂಗು ಬಂತು: "ಅಮ್ಮಾ, ನಂಗೆ ಕೆಂಪು ಕೋಟೇ ಬೇಕು!" ನನಗೆ ನಿದ್ದೆ ಎಲ್ಲಿಂದ ಬರಬೇಕು?

ಸಾಕು ಈ ಭಾಷಣ. ಗಡಿಯಾರಗಳ ಮೇಲೆ ನನಗೆ ಯಾವ ಮೋಹವೂ ಇಲ್ಲ. ಅವಳಿಗೆ ರೇಗಲಿ, ಜಗಳಕ್ಕಾದರೂ ನಮ್ಮ ಜೊತೆ ಕೂರಲಿ ಎಂದೇ ಆ ಮ್ಯೂಸಿಯಂ ಹುಡುಕಿದ್ದೆ. ಬರ್ತಾಳೆ. ನನ್ನ ಮಗಳು ನಮ್ಮ ಜೊತೆ ಬರ್ತಾಳೆ...